ಗೊದ್ದದ ಮನೆಯ ಅಳಿಯಂದಿರು

ನಮ್ಮ ಮನೆಯಲ್ಲಿ ಮರ್ಯಾದೆಯ ಭಾಷೆ ಕನ್ನಡ, ಬೈಗುಳದ ಭಾಷೆ ತೆಲುಗು. ಗೌನಿಪಲ್ಲಿಯ ಆಸುಪಾಸಿನಲ್ಲಿ ಎರಡು ಭಾಷೆ ಆಡುವುದು ಹೊಸದೇನಲ್ಲ. ಆಂಧ್ರದ ಗಡಿ ನಮ್ಮ ಮಾವಿನ ತೋಪಿನಿಂದ ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿದೆ. ಆದರೆ ನನ್ನ ಅಮ್ಮನ ತಾಯಿ, ಅಂದರೆ ನಾವೆಲ್ಲ ಅವ್ವ ಎಂದು ಕರೆಯುವ ನಮ್ಮ ಮನೆಯ ಯಜಮಾನಿ, ಈ ಎರಡನ್ನೂ ಬೆರೆಸದೆ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ನನ್ನನ್ನು, ಅಮ್ಮನನ್ನು, ಎಮ್ಮೆಯನ್ನು, ಕಾಯಿ ಕೀಳಲು ಬರುವ ಆಳುಗಳನ್ನು, ಹಪ್ಪಳಕ್ಕೆ ಬಾಯಿ ಹಾಕುವ ಕಾಗೆಯನ್ನು ಅವರು ತೆಲುಗಿನಲ್ಲಿ ಬೈಯುತ್ತಾರೆ. ನೆಂಟರನ್ನು, ಕರೆಂಟ್ ಬಿಲ್ಲು ಕೊಡಲು ಬರುವವರನ್ನು ಮತ್ತು ದೇವರನ್ನು ಕನ್ನಡದಲ್ಲಿ ಮಾತನಾಡಿಸುತ್ತಾರೆ. ನನ್ನ ಅಪ್ಪ ಈ ಎರಡನೆಯ ಗುಂಪಿಗೆ ಸೇರಿದವರು.

ಅಪ್ಪನ ಊರು ವಕ್ಕಲೇರಿ ಕಡೆ. ಅವ್ವನಿಗೆ ಒಬ್ಬಳೇ ಮಗಳಾದ್ದರಿಂದ ಅವರು ಮದುವೆಯಾದ ಮೇಲೆ ಹೆಂಡತಿಯ ಮನೆಗೇ ಬಂದು ನೆಲೆಸಿದರು. ಹೀಗೆ ಬಂದು ಇರುವವರನ್ನು ನಮ್ಮ ಕಡೆ ಇಲ್ಲಟಂ ಅಳಿಯ ಎನ್ನುತ್ತಾರೆ. ಅಪ್ಪ ಬಂದಾಗ ನೆಟ್ಟ ಮಾವಿನ ಗಿಡಗಳ ಕೆಳಗೆ ಈಗ ಟ್ರ್ಯಾಕ್ಟರ್ ನಿಲ್ಲಿಸುತ್ತೇವೆ. ಅಷ್ಟು ವರ್ಷಗಳ ನಂತರವೂ ಅವ್ವ ಅವರನ್ನು ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು, "ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ, ಕಾಫಿ ತಗೊಳ್ಳಿ" ಎನ್ನುತ್ತಾರೆ. ಒಮ್ಮೆ ಅಪ್ಪ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವಾಗ ಕೊಟ್ಟಿಗೆಯ ಗೋಡೆಯೇ ಬಿದ್ದುಹೋಯಿತು. ಅವ್ವ ಬಂದು ನೋಡಿ, "ಪರವಾಗಿಲ್ಲ ಬಿಡಿ, ಗೋಡೆ ಹಳೇದಾಗಿತ್ತು" ಎಂದರು. ಅದೇ ಸಂಜೆ ನನ್ನ ಕೈಯಿಂದ ಒಂದು ಲೋಟ ಜಾರಿತು. ಲೋಟ ಸ್ಟೀಲಿನದು, ಅದಕ್ಕೆ ಏನೂ ಆಗಲಿಲ್ಲ. ಆದರೂ ನನ್ನ ಕೈ, ಕಣ್ಣು, ಓದು ಮತ್ತು ಮುಂದೆ ನನ್ನನ್ನು ಕಟ್ಟಿಕೊಳ್ಳುವವನ ಹಣೆಬರಹ, ಎಲ್ಲದರ ಬಗ್ಗೆಯೂ ತೆಲುಗಿನಲ್ಲಿ ಸವಿಸ್ತಾರವಾದ ನಿರೂಪಣೆ ನಡೆಯಿತು.

ಅಪ್ಪ ಬಾಗಿಲ ಬಳಿ ನಿಂತು ಅದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ನನ್ನ ಪಕ್ಕ ಬಂದು ಕೂತು, "ಎಷ್ಟು ಚೆನ್ನಾಗಿ ಬೈದ್ರಲ್ಲೇ ನಿನ್ನ" ಎಂದರು.

"ನಿಮಗೆ ಅದೂ ಒಂದು ಹೊಟ್ಟೆಕಿಚ್ಚಾ ಅಪ್ಪಾ?"

"ಗೋಡೆ ಬೀಳಿಸಿದ್ರೂ ಒಂದ್ ಮಾತು ಇಲ್ಲ. ನಾನು ಈ ಮನೇಲಿ ಇನ್ನೂ ನೆಂಟನೇ ಕಣೇ."

ಅವರು ನಗುತ್ತಲೇ ಹೇಳಿದರು. ಆದರೆ ಒಂದೇ ಒಂದು ಬೈಗುಳಕ್ಕಾಗಿ ಅವರು ಎಷ್ಟು ವರ್ಷಗಳಿಂದ ಕಾದಿದ್ದಾರೆ ಎಂಬುದು ನನಗೆ ಅಂದು ಅರ್ಥವಾಯಿತು.

ನಾನು ಪ್ರಾಣಿಶಾಸ್ತ್ರ ಓದಿದವಳು. ನಮ್ಮ ಎರಡೂ ಕಡೆಯ ವಂಶಗಳಲ್ಲಿ ಪದವಿ ಪಡೆದವರಲ್ಲಿ ಮೊದಲಿಗಳು. ಸ್ನಾತಕೋತ್ತರ ಪದವಿಯ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದಾಗ ಹಿತ್ತಿಲಿನ ನೀರಿನ ತೊಟ್ಟಿಯ ಪಕ್ಕದ ಚಪ್ಪಡಿ ಕಲ್ಲು ನನ್ನ ಕೈ ಹಿಡಿಯಿತು. ಅದರ ಕೆಳಗೆ ಗೊದ್ದಗಳ ಗೂಡಿತ್ತು. ಗೊದ್ದವೆಂದರೆ ನಮ್ಮ ಕಡೆಯ ದೊಡ್ಡ ಕಪ್ಪಿರುವೆ; ಕಚ್ಚಿದರೆ ಬೇಗ ಬಿಡುವ ಜಾತಿಯಲ್ಲ. ಅಪ್ಪ ಹಾರೆ ಹಾಕಿ ಕಲ್ಲನ್ನು ಮೀಟಿ ಹಿಡಿದರು, ನಾನು ಬಗ್ಗಿ ನೋಡಿದೆ. ಬಿಳಿಯ ಮರಿಗಳನ್ನು ಕಚ್ಚಿಕೊಂಡು ದಿಕ್ಕಾಪಾಲಾಗಿ ಓಡುತ್ತಿದ್ದ ಗೊದ್ದಗಳ ನಡುವೆ, ಎಳ್ಳಿಗಿಂತ ತುಸು ದಪ್ಪಗಿನ, ಗುಂಡು ಬೆನ್ನಿನ ಕಂದು ಹುಳುವೊಂದು ತಾನೂ ಮನೆಯವನೇ ಎಂಬಂತೆ ಓಡಾಡುತ್ತಿತ್ತು. ಹಿಂಗಾಲುಗಳು ಮಾತ್ರ ಮಿಡತೆಯಂತೆ ದಪ್ಪಗಿದ್ದವು.

"ಇದ್ಯಾರು?" ಎಂದು ಅಪ್ಪ ಕೇಳಿದರು.

ರಾತ್ರಿ ಗೋಡೆಯ ಸಂದಿಯಲ್ಲಿ ಕಿರ್ರೆನ್ನುತ್ತದಲ್ಲ, ಆ ಹುಳುವಿನ ದಾಯಾದಿ ಎಂದು ವಿವರಿಸಿದೆ. ಇದಕ್ಕೆ ರೆಕ್ಕೆಯಿಲ್ಲ. ಕಿರ್ರೆನ್ನಲು ರೆಕ್ಕೆ ಉಜ್ಜಬೇಕಾದ್ದರಿಂದ ದನಿಯೂ ಇಲ್ಲ. ಇದು ಗೂಡು ಕಟ್ಟುವುದಿಲ್ಲ, ಮರಿಗಳನ್ನು ನೋಡಿಕೊಳ್ಳುವುದಿಲ್ಲ. ಇರುವೆಗಳ ಮನೆಯಲ್ಲಿ ಇದ್ದು, ಅವುಗಳದ್ದನ್ನೇ ತಿಂದುಕೊಂಡು ಬದುಕುತ್ತದೆ. ಇದರ ಬಳಗದ ಕೆಲವು ಜಾತಿಗಳಂತೂ ಇರುವೆಯ ಬಾಯಿಯ ಹತ್ತಿರ ಮೀಸೆಯಿಂದ ತಟ್ಟಿ, ಅದು ತನ್ನ ಒಡಹುಟ್ಟಿದವಳಿಗೆಂದು ಹೊಟ್ಟೆಯಲ್ಲಿ ಇಟ್ಟುಕೊಂಡ ಹನಿಯನ್ನು ತಾವು ಇಸಿದುಕೊಂಡು ಕುಡಿಯುತ್ತವೆ.

"ಕನ್ನಡದಲ್ಲಿ ಏನಂತಾರೆ?"

"ಹೆಸರಿಲ್ಲ ಅಪ್ಪಾ. ಅತಿಥಿ ಕೀಟ ಅಂತ ಬರೀಬಹುದು."

"ಎಷ್ಟು ದಿನ ಇದ್ದು ಹೋಗುತ್ತೆ?"

"ಹೋಗೋದೆಲ್ಲಿಗೆ? ಸಾಯೋವರೆಗೂ ಅಲ್ಲೇ."

"ಅದು ಅತಿಥಿ ಹೆಂಗಾಯ್ತು? ದನಿ ಬೇರೆ ಇಲ್ಲ ಅಂತೀಯ. ಅಳಿಯ ಅಂತ ಬರಿ" ಎಂದು ಅಪ್ಪ ಕಲ್ಲನ್ನು ಜೋಪಾನವಾಗಿ ಇಳಿಸಿದರು.

ಪ್ರಬಂಧದಲ್ಲಿ ಹಾಗೆ ಬರೆಯಲು ಸಾಧ್ಯವಿರಲಿಲ್ಲ. ಮನೆಯಲ್ಲಿ ಮಾತ್ರ ಆ ಹುಳುಗಳಿಗೆ ಅಳಿಯಂದಿರು ಎಂಬ ಹೆಸರೇ ನಿಂತಿತು.

ನಾನು ಆ ಅಳಿಯಂದಿರಲ್ಲಿ ಒಬ್ಬನನ್ನು ಹಿಡಿದು, ತೋಪಿನ ಆಚೆ ಅಂಚಿನ ಬೇರೊಂದು ಗೂಡಿನ ಗೊದ್ದಗಳ ಜೊತೆ ಉಪ್ಪಿನಕಾಯಿಯ ಗಾಜಿನ ಸೀಸೆಯಲ್ಲಿ ಬಿಟ್ಟು ನೋಡಿದೆ. ಅವು ಅವನನ್ನು ಅಟ್ಟಿಸಿಕೊಂಡು ಹೋದವು. ಅವನು ಹಾರಿ ಮೂಲೆ ಸೇರಿದ. ಇರುವೆಗಳು ಯಾರನ್ನೂ ಮುಖ ನೋಡಿ ಗುರುತಿಸುವುದಿಲ್ಲ. ಪ್ರತಿ ಗೂಡಿಗೂ ತನ್ನದೇ ಆದ ವಾಸನೆಯಿರುತ್ತದೆ, ಅದಿದ್ದರೆ ಮನೆಯವನು, ಇಲ್ಲದಿದ್ದರೆ ಕಳ್ಳ. ಅಳಿಯ ದಿನವೂ ಒಂದೊಂದು ಗೊದ್ದದ ಹಿಂದಿನಿಂದ ಹೋಗಿ ಮೈ ತಾಗಿಸುತ್ತಿದ್ದ, ಕಾಲನ್ನು ನೆಕ್ಕುತ್ತಿದ್ದ, ಅದು ತಿರುಗಿದರೆ ಪಕ್ಕಕ್ಕೆ ನೆಗೆಯುತ್ತಿದ್ದ. ಕ್ರಮೇಣ ಅವು ತಿರುಗುವುದನ್ನೇ ಬಿಟ್ಟವು. ಕೊನೆಗೆ ಅವನು ಅವುಗಳ ನಡುವೆಯೇ ನಿದ್ದೆ ಮಾಡಿದ. ನಿದ್ದೆ ಎಂಬುದು ವೈಜ್ಞಾನಿಕವಾಗಿ ಸರಿಯಾದ ಪದವಲ್ಲ, ಅಲುಗಾಡದೆ ಇದ್ದ ಎಂದುಕೊಳ್ಳಬೇಕು. ಅಪ್ಪ ಕಾಫಿ ಕುಡಿಯುತ್ತ ಸೀಸೆಯ ಮುಂದೆ ಕೂತು ಈ ಪ್ರಗತಿಯನ್ನು ನೋಡುತ್ತಿದ್ದರು. "ಹುಳ ನನಗಿಂತ ಚುರುಕು" ಎನ್ನುತ್ತಿದ್ದರು. ಉಪ್ಪಿನಕಾಯಿ ಸೀಸೆಯನ್ನು ಹಾಳು ಮಾಡಿದ್ದಕ್ಕೆ ನನಗೆ ತೆಲುಗಿನಲ್ಲಿ ದೀರ್ಘವಾಗಿ ಆಯಿತು. ಸೀಸೆಯನ್ನು ತೊಳೆದು ಕೊಟ್ಟವರು ಅಪ್ಪ. ಅವರಿಗೆ ಇನ್ನೊಂದು ಲೋಟ ಕಾಫಿ ಬಂತು.

ಓದು ಮುಗಿದ ಮೇಲೆ ನನಗೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ತರಗತಿಯಲ್ಲಿ ಅತಿಥಿ ಕೀಟಗಳ ಪಾಠ ಮಾಡಿ, ಇವುಗಳಿಗೂ ಬೇರೆ ಪರಾವಲಂಬಿಗಳಿಗೂ ಇರುವ ವ್ಯತ್ಯಾಸವೇನು ಎಂದು ಕೇಳಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಗೊತ್ತಿಲ್ಲ ಮೇಡಂ. ಆದ್ರೆ ನಿಮಗೂ ಇವಕ್ಕೂ ಇರೋ ವ್ಯತ್ಯಾಸ ಗೊತ್ತು. ಇವು ವರ್ಷಾ ವರ್ಷಾ ಅರ್ಜಿ ಹಾಕೋ ಹಂಗಿಲ್ಲ" ಎಂದಳು. ಇಡೀ ತರಗತಿ ನಕ್ಕಿತು. ಉತ್ತರ ತಾಂತ್ರಿಕವಾಗಿ ಸರಿಯಾಗಿದ್ದುದರಿಂದ ನಾನು ಅವಳನ್ನು ಕೂರಿಸಿದೆ.

ಈ ನಡುವೆ ಅವ್ವ ನನ್ನ ಮದುವೆಯ ವಿಷಯವನ್ನು ಎತ್ತಿದರು. ನಾನೂ ಒಬ್ಬಳೇ ಮಗಳು. ನನಗೂ ಇಲ್ಲಟಂ ಅಳಿಯನೇ ಬೇಕು ಎಂದು ತೀರ್ಮಾನವಾಯಿತು. ಹಾಗಾಗಿ ನಮ್ಮಲ್ಲಿ ಹೆಣ್ಣು ನೋಡುವ ಬದಲು ಗಂಡು ನೋಡುವ ಶಾಸ್ತ್ರ ನಡೆಯಿತು. ಬಂದವರಿಗೆ ಮನೆ, ಕೊಟ್ಟಿಗೆ, ತೋಪು ತೋರಿಸಬೇಕು. ಹಿತ್ತಿಲು ತೋರಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅಪ್ಪ ಹಾರೆ ಹಿಡಿದು ಜೊತೆಗೆ ಬರುತ್ತಿದ್ದರು. ಗೊದ್ದದ ಗೂಡಿನ ಮುಂದೆ ಮನುಷ್ಯ ಹೇಗೆ ನಿಲ್ಲುತ್ತಾನೆ ಎಂಬುದನ್ನು ನೋಡಿದರೆ ನಮ್ಮ ಮನೆಯಲ್ಲಿ ಹೇಗೆ ಇರುತ್ತಾನೆ ಎಂದು ಊಹಿಸಬಹುದು ಎಂಬುದು ನನ್ನ ಸಿದ್ಧಾಂತವಾಗಿತ್ತು. ಇನ್ನೊಬ್ಬ ದನಿಯಿಲ್ಲದ ಅಳಿಯನನ್ನು ತಂದುಕೊಳ್ಳಬಾರದು ಎಂಬುದಷ್ಟೇ ನನ್ನ ಹಟ.

ಮೊದಲು ಬಂದವರು ಮಾಲೂರಿನವರು. ಕೈ ತುಂಬ ಸಿಹಿಯ ಡಬ್ಬಿಗಳು. ಅವ್ವನಿಗೆ ಒಂದು, ಅಮ್ಮನಿಗೆ ಒಂದು, ಎಮ್ಮೆಗೂ ಒಂದು ತಂದಿರಬಹುದು ಎಂದು ನನಗೆ ಅನ್ನಿಸಿತು. ಅಪ್ಪ ಚಪ್ಪಡಿಯನ್ನು ಮೀಟಿದಾಗ ಅವರು ಕೆಳಗೆ ನೋಡಲೇ ಇಲ್ಲ. ಕಲ್ಲನ್ನೇ ನೋಡಿ, "ಇದೇನಾ ಬಾಂದು ಕಲ್ಲು? ಇಲ್ಲಿಂದ ಆ ಕಡೆ ಎಲ್ಲೀವರೆಗೂ ನಿಮ್ದೇನಾ?" ಎಂದು ಕೇಳಿದರು. ಜಮೀನಿನ ಎಲ್ಲೆಗೆ ನೆಡುವ ಕಲ್ಲನ್ನು ತೋರಿಸಲು ಮನೆಯವರು ಹಾರೆ ಸಮೇತ ಬಂದಿದ್ದಾರೆ ಎಂದುಕೊಂಡರೋ ಏನೋ. ನೀಲಿ ಚಿಟ್ಟೆಗಳ ಬಳಗದಲ್ಲಿ ಒಂದು ಬಗೆಯ ಮರಿಹುಳುವಿದೆ. ಇರುವೆಗಳಿಗೆ ಸಿಹಿ ಹನಿ ಕೊಟ್ಟು ಗೂಡಿನೊಳಗೆ ಸೇರಿಕೊಂಡು, ಆಮೇಲೆ ಇರುವೆಯ ಮರಿಗಳನ್ನೇ ತಿನ್ನುತ್ತದೆ. ಇದನ್ನು ಅವರಿಗೆ ವಿವರಿಸಿದೆ. ಅವರು ಬಹಳ ಆಸಕ್ತಿಯಿಂದ ತಲೆಯಾಡಿಸಿ, ಬೋರ್‌ವೆಲ್ಲಿನಲ್ಲಿ ನೀರು ಹೇಗಿದೆ ಎಂದು ವಿಚಾರಿಸಿದರು.

ಎರಡನೆಯವರು ಮುಳಬಾಗಿಲಿನವರು, ಕುರುಡುಮಲೆಯ ಗಣಪತಿಗೆ ಪೂಜೆ ಮಾಡಿಸಿಕೊಂಡು ನೇರವಾಗಿ ನಮ್ಮ ಮನೆಗೆ ಬಂದಿದ್ದರು. ಲೆಕ್ಕಪತ್ರ ಬರೆಯುವ ಕೆಲಸ, ಮೃದುವಾದ ಮಾತು. ಅವರು ಕಲ್ಲಿನ ಕೆಳಗೆ ಶ್ರದ್ಧೆಯಿಂದಲೇ ನೋಡಿದರು. ಆದರೆ ನಿಂತದ್ದು ಗೊದ್ದಗಳು ಓಡಾಡುವ ದಾರಿಯ ಮೇಲೆ. ನಾನು ಪಾಠ ಹೇಳುತ್ತಿರುವಾಗ ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು, ಕಣ್ಣಲ್ಲಿ ನೀರು ಬಂತು. "ಬಹಳ ಚೆನ್ನಾಗಿ ಹೇಳ್ತೀರಿ" ಎಂದರು. ಪಾಠ ಅಷ್ಟು ಮನ ಮುಟ್ಟಿತೇ ಎಂದು ನಾನು ಹಿಗ್ಗುತ್ತಿದ್ದಂತೆಯೇ ಅಪ್ಪ ಬಗ್ಗಿ ಅವರ ಪ್ಯಾಂಟಿನಿಂದ ಗೊದ್ದಗಳನ್ನು ಕೊಡವತೊಡಗಿದರು. ಊಟಕ್ಕೆ ಕೂತಾಗಲೂ ಅವರು ಎಲ್ಲದಕ್ಕೂ "ಸಾಕು, ಸಾಕು" ಎಂದು ಕೈ ಅಡ್ಡ ಹಿಡಿದರು. ಹಸಿದುಕೊಂಡೇ ಹೋದರು ಎಂದು ನನಗೆ ಖಾತರಿಯಿದೆ.

ಅವ್ವನಿಗೆ ಅವರು ಬಹಳ ಹಿಡಿಸಿದರು. "ಎಂಥ ಮರ್ಯಾದಸ್ತರು! ನಮ್ಮ ಅಳಿಯಂದಿರ ಥರಾನೇ" ಎಂದರು.

ಆ ಸಂಜೆ ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತ, ನನ್ನ ಕಡೆ ನೋಡದೆಯೇ, "ಬೇಡ ಕಣೇ" ಎಂದರು.

"ಯಾಕಪ್ಪಾ? ಒಳ್ಳೆಯವರ ಹಾಗಿದ್ದಾರಲ್ಲ."

"ಒಳ್ಳೆಯವರೇ. ಗೊದ್ದ ಕಡೀತಾ ಇದ್ರೂ ನಗ್ತಾರೆ. ನಾನು ಇಷ್ಟು ವರ್ಷ ನಕ್ಕಿದ್ದು ಸಾಲದಾ?"

ಕೋಲಾರದಿಂದ ಇನ್ನೊಬ್ಬರು ಬರುವುದು ಮೊದಲೇ ನಿಶ್ಚಯವಾಗಿತ್ತು. ಅವರನ್ನೂ ನೋಡಿಬಿಡೋಣ, ಬೇಡವೆಂದರೆ ತಪ್ಪು ತಿಳಿದುಕೊಳ್ಳುತ್ತಾರೆ ಎಂದು ಅಮ್ಮನ ಬಾಯಿಂದ ಹೇಳಿಸಿದೆ. ಅವ್ವ ಒಪ್ಪಿದರು.

ಕೋಲಾರದವರು ತಮ್ಮ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಬಂದರು. ಡಿಪ್ಲೊಮಾ ಮುಗಿಸಿ, ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ಹಿತ್ತಿಲಿಗೆ ಹೋದ ಕೂಡಲೇ ಇವರೂ ಅದೇ ದಾರಿಯ ಮೇಲೆ ನಿಂತರು. ಅಪ್ಪ ಕಲ್ಲು ಮೀಟಿ, ನಾನು ಅತಿಥಿ ಕೀಟದ ಕಥೆ ಹೇಳುತ್ತಿರುವಾಗ ಗೊದ್ದ ಕಚ್ಚಿತು.

"ಅಯ್ಯಯ್ಯಪ್ಪಾ!" ಎಂದು ನೆಗೆದವರು ತೊಟ್ಟಿಯೊಳಗೆ ಒಂದು ಕಾಲಿಟ್ಟರು. ಬೂಟಿನಿಂದ ನೀರು ಸುರಿಯುತ್ತಿರುವಾಗಲೇ ಮತ್ತೆ ಬಂದು ಬಗ್ಗಿ, "ಎಲ್ಲಿ, ಆ ಬಿಟ್ಟಿ ಊಟದವನು?" ಎಂದು ಕೇಳಿದರು.

ಬಿಟ್ಟಿ ಎಂಬ ಪದ ಪೂರ್ತಿ ಸರಿಯಲ್ಲ ಎಂದು ನಾನು ತಿದ್ದಿದೆ.

"ಹೋಗ್ಲಿ ಬಿಡಿ. ಅವು ಅಟ್ಟಿಸ್ಕೊಂಡು ಬಂದ್ರೆ ಏನ್ಮಾಡ್ತಾನೆ ಇವನು?"

"ಪಕ್ಕಕ್ಕೆ ಹಾರ್ತಾನೆ. ಮತ್ತೆ ಬರ್ತಾನೆ."

"ಅಷ್ಟೇನಾ? ಅದೇನ್ ಕಷ್ಟ!" ಎಂದರು. ಅಪ್ಪ ಹಾರೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಅವರನ್ನು ಮತ್ತೊಮ್ಮೆ ನೋಡಿದರು.

ಊಟಕ್ಕೆ ಮುದ್ದೆ ಮತ್ತು ಅವ್ವನ ಕೈಯ ಮಸ್ಸೊಪ್ಪಿನ ಸಾರು. ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ವಯಸ್ಸಾದಂತೆ ಅವ್ವನ ನಾಲಿಗೆಗೆ ರುಚಿ ಸರಿಯಾಗಿ ತಿಳಿಯುತ್ತಿರಲಿಲ್ಲ; ಸಾರಿಗೆ ಉಪ್ಪು ಸಾಲದಾಗಿ ಬಹಳ ಕಾಲವಾಗಿತ್ತು. ಇದು ಮನೆಯವರಿಗೆಲ್ಲ ಗೊತ್ತಿತ್ತು, ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಕೋಲಾರದವರು ಮೊದಲ ತುತ್ತು ನುಂಗಿ, ತಟ್ಟೆಯನ್ನೊಮ್ಮೆ ನೋಡಿ, ಆರಾಮವಾಗಿ ಹೇಳಿದರು:

"ಅವ್ವಾ, ಸಾರು ಚೆನ್ನಾಗೈತೆ. ಉಪ್ಪು ಕಮ್ಮಿ ಆಗೈತೆ. ಇನ್ನೊಂದ್ ಮುದ್ದೆ ಹಾಕಿ, ಹಂಗೇ ಉಪ್ಪೂ ಕೊಡಿ."

ಅವರ ಅಕ್ಕ ತಮ್ಮನ ತೊಡೆ ಚಿವುಟಿದ್ದು ನನಗೆ ಕಾಣಿಸಿತು. ಅಮ್ಮ ಸೌಟು ಹಿಡಿದ ಹಾಗೆಯೇ ನಿಂತರು. ಅವ್ವ ಬಾಯಿ ತೆರೆಯುವ ಮೊದಲೇ ಇನ್ನೂ ಘೋರವಾದದ್ದು ನಡೆದುಹೋಯಿತು. ಅಪ್ಪ ತಮ್ಮ ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು, ಬಿಚ್ಚಿ, ಕೋಲಾರದವರ ತಟ್ಟೆಯ ಪಕ್ಕಕ್ಕೆ ಸರಿಸಿದರು. ಅದರಲ್ಲಿ ಉಪ್ಪಿತ್ತು.

"ಅಳಿಯಂದಿರೇ, ಏನದು?" ಎಂದು ಅವ್ವ ಕೇಳಿದರು.

"ಉಪ್ಪು" ಎಂದರು ಅಪ್ಪ.

"ಜೇಬಲ್ಲಿ ಯಾಕೆ?"

ಅಪ್ಪನ ಮುಖದಲ್ಲಿ ಭಯವಿರಲಿಲ್ಲ. ಪರೀಕ್ಷೆಯ ಫಲಿತಾಂಶದ ದಿನ ನನ್ನ ಮುಖ ಹೇಗಿರುತ್ತಿತ್ತೋ ಹಾಗಿತ್ತು. ಇದಕ್ಕಿಂತ ದೊಡ್ಡ ಅಪರಾಧವನ್ನು ಆ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಈಗಲಾದರೂ ಬಂದೇ ಬರುತ್ತದೆ ಎಂದು ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಅವ್ವನ ಗಂಟಲಿನವರೆಗೂ ಏನೋ ಬಂದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಅದನ್ನು ನುಂಗಿಕೊಂಡು, "ಇರಲಿ ಬಿಡಿ, ಪರವಾಗಿಲ್ಲ" ಎಂದರು. ಅಪ್ಪನ ಬೆನ್ನು ಮತ್ತೆ ಬಾಗಿತು.

ಆಮೇಲೆ ಅವ್ವ ಕೋಲಾರದವರ ಕಡೆ ತಿರುಗಿದರು.

"ಏಂರಾ! ನಾ ಸಾರುಲೋ ಉಪ್ಪು ತಕ್ಕುವಾ?"

ಮದುವೆಯ ಮಾತಿಗೆಂದು ಮೊದಲ ಸಲ ಮನೆಗೆ ಬಂದ ಗಂಡಿಗೆ 'ಏಂರಾ', ಅಂದರೆ 'ಏನೋ' ಎಂದು! ಅಮ್ಮ ಕಣ್ಣು ಮುಚ್ಚಿಕೊಂಡರು. ಕೋಲಾರದವರು ಮಾತ್ರ ಪೊಟ್ಟಣದ ಉಪ್ಪನ್ನು ಸಾರಿಗೆ ಬೆರೆಸಿಕೊಳ್ಳುತ್ತ, ಅಂಗಡಿಗೆ ಬರುವ ರೈತರಿಂದ ಕಲಿತ ಹರಕು ತೆಲುಗಿನಲ್ಲಿ, "ತಕ್ಕುವೇ ಅವ್ವಾ. ನುವ್ವೇ ಚೂಡು", ಕಮ್ಮಿಯೇ, ನೀನೇ ನೋಡು ಎಂದು ಬಟ್ಟಲನ್ನು ಅವರ ಮುಂದೆ ಹಿಡಿದರು. ಉಪ್ಪು ಬೆರೆಸಿದ ಆ ಸಾರಿನಲ್ಲಿ ಅವ್ವ ಬೆರಳು ಅದ್ದಿ ಚಪ್ಪರಿಸಿದರು. ಇನ್ನೊಮ್ಮೆ ಚಪ್ಪರಿಸಿದರು. ಆಮೇಲೆ ಅಮ್ಮನಿಗೂ ನನಗೂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಸರಿಯಾಗಿ ಆಯಿತು. ನಡುನಡುವೆ ಕೋಲಾರದವರಿಗೂ ಪಾಲು ಬಂತು; ದೊಡ್ಡವರ ಮುಂದೆ ಹೀಗೆ ನಾಲಿಗೆ ಚಾಚುವುದನ್ನು ಯಾರು ಕಲಿಸಿದರು, ಒದ್ದೆ ಬೂಟನ್ನು ನಡುಮನೆಯವರೆಗೂ ಯಾಕೆ ತಂದೆ, ಮುದ್ದೆ ಆರುತ್ತಿದೆ, ತಿನ್ನಬಾರದೇ ಎಂದೆಲ್ಲ. ಅವರು ತಲೆ ಬಗ್ಗಿಸಿ, ಎರಡನೆಯ ಮುದ್ದೆಯನ್ನೂ ಮುಗಿಸಿದರು.

ನನ್ನನ್ನು ಯಾರೂ ಏನೂ ಕೇಳಿಲ್ಲ ಎಂದು ನಾನು ನೆನಪಿಸಿದೆ. "ನೀಕೇಮೇ, ಇಷ್ಟಮಾ ಕಾದಾ? ಚೆಪ್ಪು!" ಎಂದು ಅವ್ವ ನನಗೂ ಒಂದು ಹಾಕಿದರು. ಇಷ್ಟವೋ ಅಲ್ಲವೋ ಎಂದು ಹಾಗೆ ಒಂದೇ ಏಟಿಗೆ ಹೇಳಲಾಗದು, ಯೋಚಿಸಬೇಕು ಎಂದೆ. ಮಜ್ಜಿಗೆ ಬರುವವರೆಗೂ ಯೋಚಿಸಿದೆ. ಆಮೇಲೆ ಇಷ್ಟ ಎಂದೆ.

ಈಗ ಕೋಲಾರದವರು ನನ್ನ ಗಂಡ. ಅಂಗಡಿಯನ್ನು ಶ್ರೀನಿವಾಸಪುರಕ್ಕೆ ತಂದಿದ್ದಾರೆ. ಬೆಳಿಗ್ಗೆ ಏಳುವುದು ತಡವಾದರೆ ಬೈಗುಳ, ಬೇಗ ಎದ್ದು ಸದ್ದು ಮಾಡಿದರೆ ಬೈಗುಳ. ಅವರು ಪಕ್ಕಕ್ಕೆ ಹಾರುತ್ತಾರೆ, ಮತ್ತೆ ಬರುತ್ತಾರೆ. ಅಪ್ಪ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ನಿನ್ನೆ ಮೊನ್ನೆ ಬಂದವನು" ಎಂದು ನನ್ನ ಬಳಿ ಒಮ್ಮೆ ಗೊಣಗಿದ್ದೂ ಉಂಟು.

ಒಂದು ಬೆಳಿಗ್ಗೆ ನಾನು ಕಿಟಕಿಯ ಬಳಿ ತಲೆ ಬಾಚಿಕೊಳ್ಳುತ್ತಿದ್ದೆ. ಅಪ್ಪ ಹಿತ್ತಿಲಿನ ಗೇಟಿನ ಹತ್ತಿರ ಹೋಗಿ, ಕೊಂಡಿ ತೆಗೆದು, ಎರಡು ಹೆಜ್ಜೆ ಬಂದರು. ನಿಂತರು. ವಾಪಸ್ಸು ಹೋಗಿ ಗೇಟನ್ನು ಇನ್ನಷ್ಟು ಅಗಲವಾಗಿ ತೆರೆದರು. ಸ್ವಲ್ಪ ಹೊತ್ತಿಗೆಲ್ಲ ಪಕ್ಕದ ಮನೆಯ ಮೇಕೆಗಳು ಒಳಗೆ ಬಂದು ಅವ್ವನ ದಂಟಿನ ಸೊಪ್ಪಿನ ಮಡಿಯನ್ನು ಬುಡಸಮೇತ ಮೇಯ್ದವು. ಅಪ್ಪ ಜಗಲಿಯ ಮೇಲೆ ಕೈ ಕಟ್ಟಿಕೊಂಡು ಕಾದರು.

ಅವ್ವ ಬಂದರು. ಸೊಪ್ಪನ್ನು ನೋಡಿದರು, ಗೇಟನ್ನು ನೋಡಿದರು, ಅಪ್ಪನನ್ನು ನೋಡಿದರು. ನಂತರ, ಬಚ್ಚಲಿನಿಂದ ಟವೆಲ್ ಸುತ್ತಿಕೊಂಡ ಹಾಗೆಯೇ ಹೊರಬಂದ ನನ್ನ ಗಂಡನ ಕಡೆ ತಿರುಗಿ, "ಏಂರಾ! ಗೇಟು ವೇಸೇದಾನಿಕಿ ಚೇತುಲು ಲೇವಾ ನೀಕು?" ಎಂದು ಶುರು ಮಾಡಿದರು. ಗೇಟು ಹಾಕಲು ಕೈಯಿಲ್ಲವೇ ಎಂಬಲ್ಲಿಂದ ಹೊರಟದ್ದು ತಲೆಯಲ್ಲಿ ಬುದ್ಧಿಯಿಲ್ಲ, ಇಷ್ಟು ವಯಸ್ಸಾದರೂ ಹುಡುಗಾಟಿಕೆ ಹೋಗಲಿಲ್ಲ, ತಲೆ ನರೆತರೆ ಸಾಕೇ ಎಂಬಲ್ಲಿಗೆ ಬಂತು. ನನ್ನ ಗಂಡ ತಮ್ಮ ಒದ್ದೆ ಕೂದಲನ್ನು ಮುಟ್ಟಿ ನೋಡಿಕೊಂಡರು. ಅದರಲ್ಲಿ ನರೆತದ್ದು ಒಂದೂ ಇರಲಿಲ್ಲ.

ಅಪ್ಪನಿಗೆ ತಡೆಯಲಾಗಲಿಲ್ಲ. "ಅತ್ತೇ, ಗೇಟು ತೆಗೆದದ್ದು ನಾನು" ಎಂದು ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಗಟ್ಟಿಯಾಗಿ ಹೇಳಿದರು.

ಅವ್ವ ಸೆರಗು ಸರಿಮಾಡಿಕೊಂಡರು.

"ಗೊತ್ತು ಅಳಿಯಂದಿರೇ" ಎಂದರು. "ನಿಮ್ಮನ್ನ ಬೈಯೋಕಾಗುತ್ತಾ? ಅದಕ್ಕೇ ಇವನಿಗೆ ಹೇಳ್ತಾ ಇರೋದು. ಇಷ್ಟು ವರ್ಷ ಹೇಳೋಕೆ ಒಬ್ಬನೂ ಸಿಕ್ಕಿರಲಿಲ್ಲ ನನಗೆ."

ಅಂದಿನಿಂದ ಜಗಲಿಯ ಮೇಲೆ ಕಾಫಿಗೆ ಇಬ್ಬರೂ ಒಟ್ಟಿಗೆ ಕೂರುತ್ತಾರೆ. ಅವ್ವ ಒಳಗಿನಿಂದ ನನ್ನ ಗಂಡನನ್ನು ಬೈದು ಮುಗಿಸಿದ ಮೇಲೆ, ಯಾವುದು ಯಾರದು ಎಂದು ಇಬ್ಬರೂ ಕೂಡಿ ವಿಂಗಡಿಸುತ್ತಾರೆ. ಒದ್ದೆ ಟವೆಲ್ಲು, ಬೈಕಿನ ಸದ್ದು ನನ್ನ ಗಂಡನ ಪಾಲಿಗೆ ಹೋಗುತ್ತವೆ, ಅದರಲ್ಲಿ ತಕರಾರಿಲ್ಲ. ಬುದ್ಧಿಯಿಲ್ಲ ಎಂಬ ಮಾತು ಬಂದ ದಿನ ಮಾತ್ರ ಜಗಳವಾಗುತ್ತದೆ. ಅದನ್ನು ಅಪ್ಪ ಯಾರಿಗೂ ಬಿಟ್ಟುಕೊಡುವುದಿಲ್ಲ.